ಗಂಡಿಲ್ಲದ ಹನ್ನೊಂದು ತಲೆಮಾರು

ಗುಲ್ಬರ್ಗಾ
4 ಮಾರ್ಚ್ 1976

ಪ್ರೀತಿಯ ಅವ್ವನಿಗೆ ಗುರುದೇವಿಯ ಶರಣು.

ಜೈತುನ್ಬೀ ಟೀಚರ್ ಕಡೆಯಿಂದ ಈ ಪತ್ರವನ್ನು ಎರಡು ಸಲ ಓದಿಸಿಕೊ. ನಾವು ಗೆದ್ದೆವು.

ಕುಸುಬಿ ಬೆಳೆಯ ರಸ ಹೀರುವ ಹೇನು ಗಂಡಿಲ್ಲದೆ ಮರಿ ಹಾಕುತ್ತದೆ ಎಂಬುದು ನಮ್ಮ ಕಾಲೇಜಿನ ಮಡಿವಾಳಯ್ಯ ಸರ್‌ಗೂ ಗೊತ್ತಿತ್ತು. ಆದರೆ ಚಳಿಗಾಲದಲ್ಲಿ ಗಂಡು ಹುಟ್ಟಲೇಬೇಕು, ಹೆಣ್ಣು ಮೊಟ್ಟೆ ಇಡಲೇಬೇಕು ಎಂದು ಪುಸ್ತಕದಲ್ಲಿದೆ. ನಮ್ಮ ಹೊಲದಲ್ಲಿ ಹಾಗಾಗುವುದಿಲ್ಲ ಎಂದು ನಾನು ವರದಿಯಲ್ಲಿ ಬರೆದದ್ದನ್ನು ಅವರು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದರು.

ನಿನ್ನೆ, ತಲೆಮಾರಿಗೊಂದರಂತೆ ನೀನು ಹೇನು ತುಂಬಿಕೊಟ್ಟ ಸೀಸೆಗಳನ್ನು ಅವರ ಮೇಜಿನ ಮೇಲಿಟ್ಟೆ. ದೀಪಾವಳಿಯಿಂದ ಶಿವರಾತ್ರಿಯವರೆಗೆ, ಹುಟ್ಟಿದ ದಿನವೇ ಒಂದೊಂದು ಮರಿಯನ್ನು ಬೇರೆ ಮಾಡಿ, ಕಂದೀಲು ಗಾಜಿನೊಳಗೆ ನೀನು ಸಾಕಿದ ಹನ್ನೊಂದು ತಲೆಮಾರು. ಸರ್ ಎಲ್ಲವನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಒಂದೂ ಗಂಡಿಲ್ಲ, ಒಂದೂ ಮೊಟ್ಟೆಯಿಲ್ಲ. ತಾಯಿಯ ಹೊಟ್ಟೆಯಲ್ಲಿ ಕಣ್ಣು ಮೂಡಿದ ಮರಿ, ಆ ಮರಿಯ ಹೊಟ್ಟೆಯಲ್ಲಿ ಆಗಲೇ ಮತ್ತೊಂದು!

"ಯಾರ್ ಸಾಕ್ಯಾರ ಇವನ್ನ?" ಎಂದು ಕೇಳಿದರು.

"ನಮ್ಮವ್ವರಿ. ಸಾಲಿ ಕಲ್ತಿಲ್ರಿ."

ಅವರು ನನ್ನ ವರದಿಯನ್ನು ಹೊರತೆಗೆದರು. ಆಮೇಲೆ, "ತಪ್ಪು ನಂದೇ ಅದ, ಗುರುದೇವಿ. ಭಾಳ ಛಲೋ ಕೆಲಸ ಆಗ್ಯದ" ಎಂದು, ವರದಿಯಲ್ಲಿ ನನ್ನ ಹೆಸರಿಗಿಂತ ಮೇಲೆ ತಮ್ಮ ಕೈಯಾರೆ ನಿನ್ನ ಹೆಸರನ್ನು, "ರತ್ನಾಬಾಯಿ, ಸುಲೇಪೇಟ" ಎಂದು ಬರೆದರು.

ಬರುವ ರವಿವಾರ ಸರ್ ನನ್ನ ಜೊತೆ ನಮ್ಮ ಮನೆಗೆ ಬರುತ್ತಾರೆ. ಹನ್ನೆರಡನೆಯ ತಲೆಮಾರು ನೋಡಬೇಕಂತೆ. ಅಪ್ಪ ಆ ಕುಸುಬಿ ಗಿಡಗಳಿಗೆ ಹುಳದ ಔಷಧ ಹೊಡೆಯದಂತೆ ನೋಡಿಕೊ. ಚಹಾ ಕೊಟ್ಟು ನೀನು ಅಡುಗೆಮನೆ ಸೇರಬೇಡ. ಅವರು ಏನೇ ಕೇಳಿದರೂ ನಾನು ಬಾಯಿ ಬಿಡುವುದಿಲ್ಲ. ನೀನೇ ಹೇಳಬೇಕು.

ನಿನ್ನ ಮಗಳು
ಗುರುದೇವಿ