ಕುರಿ ಟೀಚರ್

ಶಹಾಪುರ
18 ಏಪ್ರಿಲ್ 2023

ಪ್ರೀತಿಯ ಕುಬ್ರಾ ಆಪಾ ಅವರಿಗೆ ನಿಮ್ಮ ದೇವಕಮ್ಮನ ಸಲಾಮು, ಶರಣು ಎರಡೂ.

ಫೋನ್ ಮಾಡುವುದು ಬಿಟ್ಟು ಇವಳೇನು ಕಾಗದ ಬರೆದಿದ್ದಾಳೆ ಎಂದು ಸುರಪುರದ ನಿಮ್ಮ ಪಡಸಾಲೆಯಲ್ಲಿ ಕೂತು ನಗಬೇಡಿ. ಫೋನಿನಲ್ಲಿ ನಿಮ್ಮನ್ನು ಹೊಗಳಲು ಹೋದರೆ 'ಆಯ್ತವಾ ಆಯ್ತವಾ, ಇಡು' ಎಂದು ಅರ್ಧಕ್ಕೇ ಮುಗಿಸಿಬಿಡುತ್ತೀರಿ. ಕಾಗದದ ಬಾಯಿ ಮುಚ್ಚಿಸಲು ನಿಮ್ಮಿಂದ ಆಗುವುದಿಲ್ಲ. ಪೂರ್ತಿ ಓದಲೇಬೇಕು.

ಬೀರಣ್ಣ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದ. ಮೊನ್ನೆ ಕೊನೆಯ ಪೇಪರ್ ಮುಗಿಯಿತು. ಅವನು ಪರೀಕ್ಷೆಗೆ ಕೂತದ್ದು ನಿಮ್ಮಿಂದ. ಅವನನ್ನು ಶಾಲೆಯಿಂದಲೇ ಹೊರಗೆ ಹಾಕಲು ಹೊರಟವಳು ನಾನು. ಡಿಸೆಂಬರಿನಲ್ಲಿ ನಿಮ್ಮ ಮನೆಗೆ ಬಂದಾಗ ನನಗೆ ಅನುಕೂಲವಾದಷ್ಟನ್ನೇ ಹೇಳಿದ್ದೆ. ಈಗ ಎಲ್ಲವನ್ನೂ ಬರೆಯುತ್ತೇನೆ.

ನನ್ನ ಸಿಟ್ಟು ನಿಮಗೆ ಗೊತ್ತಿದ್ದದ್ದೇ, ಸದಾ ಮೂಗಿನ ತುದಿಯಲ್ಲಿರುತ್ತದೆ. ನೀವು ರಿಟೈರ್ ಆದ ಮೇಲೆ ಶಾಲೆಯಲ್ಲಿ ಅದನ್ನು ಇಳಿಸುವವರೂ ಇಲ್ಲ. ಕೊರೊನಾ ಕಾಲದಲ್ಲಿ ನಾನೇ ಓಣಿ ಓಣಿ ತಿರುಗಿ, ಹುಡುಗರ ಕೈಗಿ ಫೋನ್ ಕೊಡ್ರಿ, ಪಾಠ ಅದರಾಗೇ ಬರ್ತಾವ ಎಂದು ತಾಯಂದಿರಿಗೆ ಹೇಳಿ ಬಂದಿದ್ದೆ. ಶಾಲೆ ತೆರೆದ ಮೇಲೆ ನಾನೇ, ಫೋನ್ ಕಂಡರೆ ಕೈ ಮುರೀತೀನಿ ಎಂದು ಬೋರ್ಡಿನ ಮೇಲೆ ಬರೆದೆ. ಆ ಎರಡರ ನಡುವೆ ಹುಡುಗರಿಗೆ ಫೋನ್ ಹಿಡಿಯುವುದು ಹೇಗೆಂದು ಯಾರೂ ಕಲಿಸಲಿಲ್ಲ. ನಾನಂತೂ ಕಲಿಸಲಿಲ್ಲ.

ಡಿಸೆಂಬರ್ ಮೊದಲ ವಾರ ಶಹಾಪುರ ಬಸ್ ನಿಲ್ದಾಣದಲ್ಲಿ ಚಹದ ಅಂಗಡಿಯವನು ನನ್ನನ್ನು ನೋಡಿ ಹಲ್ಲು ಕಿರಿದ. ಯಾಕಪ್ಪ ಎಂದರೆ ತನ್ನ ಫೋನ್ ತೋರಿಸಿದ. ಅದರಲ್ಲಿ ನಾನು! ಹತ್ತನೆಯವರಿಗೆ ಸಮಾಂತರ ಶ್ರೇಢಿ ಹೇಳಿಕೊಡುತ್ತಿದ್ದೇನೆ. ಮೊದಲ ದೊಡ್ಡಿಯಲ್ಲಿ ಐದು ಕುರಿ, ಎರಡನೆಯದರಲ್ಲಿ ಎಂಟು, ಮೂರನೆಯದರಲ್ಲಿ ಹನ್ನೊಂದು, ಹಾಗಾದರೆ ಇಪ್ಪತ್ತನೆಯದರಲ್ಲಿ ಎಷ್ಟು, ಹೇಳ್ರಲೇ ಎಂದು ಕೂಗುತ್ತೇನೆ. ನಾನು ಬಾಯಿ ತೆರೆದಾಗಲೆಲ್ಲ ಯಾರೋ 'ಬ್ಯಾ' ಎಂಬ ಕುರಿಯ ದನಿ ಸೇರಿಸಿದ್ದರು. ಮೇಲೆ 'ನಮ್ಮ ಕುರಿ ಟೀಚರ್' ಎಂಬ ಹೆಸರು. ಸೀರೆಯ ಸೆರಗು ತಲೆಯ ಮೇಲೆ ಎಳೆದುಕೊಂಡು ಬಸ್ ಹತ್ತಿದೆ ಆಪಾ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಹಾಗೆ ಮುಖ ಮುಚ್ಚಿಕೊಂಡದ್ದು ಅದೇ ಮೊದಲು.

ತರಗತಿಗೆ ಹೋಗಿ ಇದನ್ನು ತೆಗೆದವರು ಯಾರು ಎಂದೆ. ಬೀರಣ್ಣ ಎದ್ದು ನಿಂತ. ಕೊನೆಯ ಬೆಂಚಿನವನು, ಕುರಿ ಸಾಕುವ ಸಾಬಣ್ಣನ ಮಗ. ಯಾಕೆ ತೆಗೆದೆ ಎಂದು ಕೇಳಲಿಲ್ಲ. ಫೋನ್ ಕಸಿದು ಅಲಮಾರಿಯಲ್ಲಿಟ್ಟು ಬೀಗ ಹಾಕಿದೆ. ಅಪ್ಪನನ್ನು ಕರೆದುಕೊಂಡು ಬಾ, ಇಲ್ಲದಿದ್ದರೆ ಟಿ.ಸಿ. ತಗೊಂಡು ಹೋಗು ಎಂದೆ. ಅವನು ಹೇಳಿದ್ದು ಒಂದೇ ಮಾತು: 'ಟೀಚರ್, ಫೋನ್ ನಮ್ಮವ್ವಂದದರಿ. ಸಂಜಿಕರೆ ಕೊಡ್ರಿ.' ನಾನು ಕೊಡಲಿಲ್ಲ. ಮರುದಿನದಿಂದ ಅವನು ಬರಲಿಲ್ಲ. ಹತ್ತು ದಿನ ಕಳೆಯಿತು. ಹೆಡ್‌ಮಾಸ್ತರರಿಗೆ ಹೇಳಿ ಟಿ.ಸಿ. ಬರೆಸಿದೆ. ಹತ್ತನೆಯ ತರಗತಿಯ ಹುಡುಗನಿಗೆ ನಡುವರ್ಷ ಟಿ.ಸಿ. ಕೊಟ್ಟರೆ ಏನಾಗುತ್ತದೆ ಎಂದು ನನಗೆ ತಿಳಿಯದ್ದೇನಲ್ಲ. ಅವನು ಮತ್ತೆ ಶಾಲೆಯ ಮೆಟ್ಟಿಲು ಹತ್ತುವುದಿಲ್ಲ, ಅಷ್ಟೆ.

ಅದನ್ನು ಕೊಡುವ ಮೊದಲು ನಿಮ್ಮಿಂದ ಭೇಷ್ ಅನ್ನಿಸಿಕೊಳ್ಳೋಣ ಎಂದು ಸುರಪುರಕ್ಕೆ ಬಂದೆ. ನೀವು ಚುರುಮುರಿ ಸುಸಲಾ ಮಾಡಿಕೊಟ್ಟಿರಿ, ಚಹ ಕೊಟ್ಟಿರಿ, ನಾನು ಹೇಳಿದ್ದನ್ನೆಲ್ಲ ಕೇಳಿದಿರಿ. ಭೇಷ್ ಅನ್ನಲಿಲ್ಲ. 'ಹುಡುಗರು ಫೋನಿನಾಗ ಏನ್ ನೋಡ್ತಾರ, ಏನ್ ಮಾಡ್ತಾರ ಅಂತ ಎಲ್ಲಾರೂ ಕೇಳ್ತಾರ ದೇವಕಿ. ಆ ಹುಡುಗ ಅದನ್ನ ಯಾರ ಸಲವಾಗಿ ತಗದಿದ್ದ, ಕೇಳಿದಿ ಏನು?' ಎಂದಿರಿ. ಹಾಗಾದರೆ ಫೋನ್ ತೆರೆದು ನೋಡುತ್ತೇನೆ ಎಂದೆ. ನೀವು ಬೈದಿರಿ. ಅವನ ಪೆಟ್ಟಿಗೆಯ ಬೀಗ ಒಡೆದು ಅವನಿಗೆ ಕಳ್ಳತನ ತಪ್ಪು ಅಂತ ಹ್ಯಾಂಗ ಕಲಿಸ್ತಿ, ಮನಿಗಿ ಹೋಗಿ ಬಾಯಿ ಬಿಟ್ಟು ಕೇಳು ಎಂದಿರಿ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನಿಮ್ಮ ಮೇಲೆ ಸಿಟ್ಟು ಮಾಡಿಕೊಂಡೇ ಬಂದೆ. ಆದರೂ ಮರುದಿನ ಫೋನ್ ಕೈಚೀಲದಲ್ಲಿಟ್ಟುಕೊಂಡು ಅವನ ಮನೆಗೆ ಹೋದೆ.

ಕಾಲುವೆ ದಾಟಿದರೆ ಅವರ ಹಟ್ಟಿ. ತಾಯಿ ರೇಣಮ್ಮ ಒಬ್ಬಳೇ ಇದ್ದಳು. ಬೀರಣ್ಣ ಎಲ್ಲಿ ಎಂದೆ. ಅಕ್ಕನಿಗೆ ಗಣಿತ ಹೇಳಿಕೊಡಲು ಹೋಗಿದ್ದಾನೆ ಎಂದಳು! ಹಿರಿಯ ಮಗಳು ಮೋನಮ್ಮ ಎಂಟನೆಯದಕ್ಕೆ ಶಾಲೆ ಬಿಟ್ಟು ತಂದೆಯೊಡನೆ ಕುರಿ ಹಿಂದೆ ಹೋಗುತ್ತಾಳೆ. ಕಾಲುವೆ ಬಂದ ಮೇಲೆ ಎಲ್ಲ ಕಡೆ ಭತ್ತ. ಕೊಯ್ಲಾದ ಗದ್ದೆಯಲ್ಲಿ ಗೊಬ್ಬರಕ್ಕೆಂದು ರಾತ್ರಿ ಹಿಂಡು ನಿಲ್ಲಿಸಿ ಕುರಿ ತರುಬಿಸಿಕೊಳ್ಳುವವರು ಬಹಳ. ಹಾಗಾಗಿ ಅವರು ಆಗ ಕೃಷ್ಣೆಯ ಆಚೆ ದೇವದುರ್ಗದ ಕಡೆ ಇದ್ದರು. ಆ ಹುಡುಗಿ ಈ ವರ್ಷ ಹೊರಗಿನಿಂದ ಎಸ್ಸೆಸ್ಸೆಲ್ಸಿ ಕಟ್ಟಿದ್ದಾಳೆ. ಬೀರಣ್ಣ ದಿನಾ ನನ್ನ ಪಾಠವನ್ನು ಫೋನಿನಲ್ಲಿ ಹಿಡಿದು ಸಂಜೆ ಅಕ್ಕನಿಗೆ ಕಳಿಸುತ್ತಿದ್ದನಂತೆ. ನಾನು ಫೋನ್ ಇಟ್ಟುಕೊಂಡ ಮೇಲೆ ನೋಟ್‌ಬುಕ್ಕನ್ನು ಬಗಲಲ್ಲಿ ಇಟ್ಟುಕೊಂಡು ಅವನೇ ಹೋಗಿಬಿಟ್ಟಿದ್ದ.

ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. ಪಾಠ ಕಳಿಸಲಿ, ನನಗೆ ಕುರಿ ಅಂತ ಯಾಕೆ ಬೈಯಬೇಕಿತ್ತು ಎಂದೆ. ರೇಣಮ್ಮನಿಗೆ ನನ್ನ ಮಾತೇ ಅರ್ಥವಾಗಲಿಲ್ಲ. 'ಕುರಿ ಅಂದ್ರ ಬೈಗುಳ ಹ್ಯಾಂಗ ಆಗ್ತದ್ರಿ? ನಮ್ಮ ಮನಿ ನಡದದ್ದೇ ಅದರ ಮ್ಯಾಲ. ಆ ಹೆಸರು ಮೋನಮ್ಮ ಇಟ್ಟಾಳ್ರಿ. ಗಣಿತ ಅಂದ್ರ ಅಳ್ತಿದ್ಳು. ನೀವು ಕುರಿ ಲೆಕ್ಕ ಹೇಳಿದ್ರಿ ನೋಡ್ರಿ, ಅವತ್ತಿನಿಂದ ತಿಳಿಯಾಕತ್ತದ ಅಂತಾಳ. ಅಕಿ ಕುರಿ ಅಂತ ಕರದ್ಳಂದ್ರ ಅವರು ಭಾಳ ಬೇಕಾದವರು ಅಂತ ತಿಳಕೋರಿ' ಎಂದಳು. ದಿನಕ್ಕೆ ಹತ್ತು ಸಲ ಹುಡುಗರನ್ನು 'ಏ ಕುರೀ' ಎಂದು ಬೈಯುವ ಬಾಯಿ ನನ್ನದು. ಇಪ್ಪತ್ತೆರಡು ವರ್ಷದಿಂದ ಆ ತರಗತಿಯಲ್ಲಿ ಕೂತ ಕುರುಬರ ಮಕ್ಕಳು ಅದನ್ನು ಬೈಗುಳವೆಂದು ತಿಳಿದರೋ, ಪ್ರೀತಿ ಎಂದು ತಿಳಿದರೋ, ದೇವರೇ ಬಲ್ಲ. ನನಗೆ ನಾಚಿಕೆಯಾಯಿತು ಆಪಾ. ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತೆ.

ಫೋನ್ ರೇಣಮ್ಮನ ಕೈಗೆ ಕೊಟ್ಟು ಸಾಬಣ್ಣನಿಗೆ ಹಚ್ಚಲು ಹೇಳಿದೆ. ಅವನದು ನೆಟ್ಟಗಿನ ಮಾತು. 'ನೀವು ಫೋನ್ ಇಟ್ಕೊಂಡ್ರಿ, ನಾ ಹುಡುಗನ್ನ ಇಟ್ಕೊಂಡೇನಿ. ಸಮ ಆಯ್ತಲ್ರಿ? ಇಲ್ಲಿ ಕುರಿ ಕಾಯಾಕ ಒಬ್ಬ ಬೇಕೇ ಬೇಕು' ಎಂದ. ಹತ್ತು ದಿನದಲ್ಲಿ ಹುಡುಗ ಕೋಲು ಹಿಡಿದಿದ್ದ. ಇನ್ನೊಂದು ತಿಂಗಳು ಕಳೆದಿದ್ದರೆ ಟಿ.ಸಿ.ಯ ಅಗತ್ಯವೇ ಇರುತ್ತಿರಲಿಲ್ಲ. ತಪ್ಪು ನನ್ನದು, ಕೇಳದೇ ಸಿಟ್ಟು ಮಾಡಿದೆ, ಹುಡುಗನನ್ನು ಕಳಿಸಿಕೊಡಿ ಎಂದೆ. ಆ ಕಡೆ ಬೊಗಳುತ್ತಿದ್ದ ನಾಯಿಯನ್ನು ಗದರಿಸಿದ. ಆಮೇಲೆ, 'ಟೀಚರಮ್ಮ ತಪ್ಪು ಅಂದಮ್ಯಾಲ ಏನದರಿ. ನಾಳಿ ಬಸ್ಸಿಗಿ ಹತ್ತಿಸ್ತೀನಿ' ಎಂದ.

ಬೀರಣ್ಣ ಬಂದ. ಬರೆಸಿದ್ದ ಟಿ.ಸಿ. ಹರಿದು ಹಾಕಿದೆ. ಅವನು ಪೂರ್ತಿ ಮುಗ್ಧನೂ ಅಲ್ಲ, ಅದನ್ನೂ ಹೇಳಬೇಕು. ಪಾಠವನ್ನು ಗೆಳೆಯ ಅಯ್ಯಣ್ಣ ಕೇಳಿದನೆಂದು ಅಕ್ಕ ಇಟ್ಟ ಹೆಸರಿನ ಸಮೇತ ಅವನಿಗೂ ಕಳಿಸಿದ್ದ. 'ಬ್ಯಾ' ಸೇರಿಸಿ ಊರಿಗೆಲ್ಲ ಹಂಚಿದವನು ಅಯ್ಯಣ್ಣ. ಅದನ್ನು ನೋಡಿದಾಗ ನೀನು ಏನು ಮಾಡಿದೆ ಎಂದು ಕೇಳಿದರೆ ಬೀರಣ್ಣ ತಲೆ ಬಗ್ಗಿಸಿ, ನಾನೂ ನಕ್ಕೇನ್ರಿ, ಕೇಳದೇ ಹಿಡದದ್ದೂ ತಪ್ಪರಿ ಎಂದ. ಅವನು ಗೆಳೆಯನ ಹೆಸರು ಹೇಳಿರಲಿಲ್ಲ. ಅಯ್ಯಣ್ಣ ತಾನಾಗಿಯೇ ಎದ್ದು ನಿಂತ. ಮೊದಲಾಗಿದ್ದರೆ ಅವನಿಗೆ ನಾಲ್ಕು ಬಿಗಿದಿರುತ್ತಿದ್ದೆ. ಈ ಸಲ ನನ್ನ ಫೋನನ್ನೇ ಮೇಜಿನ ಮೇಲಿಟ್ಟು, ಇದನ್ನು ಹೇಗೆ ಬಳಸಬೇಕು ನೀವೇ ಕಟ್ಟಳೆ ಮಾಡ್ರಪ್ಪ ಎಂದೆ.

ಅವರು ಏನು ಮಾಡಿದರು ಗೊತ್ತೇ? ಕಾಲುವೆ ನೀರಿನ ಪಾಳಿ ಹಚ್ಚಿದರು! ಹೊಲಕ್ಕೆ ನೀರು ಬಿಡುವಾಗ ತುದಿಯ ಹೊಲಕ್ಕೇ ಮೊದಲು ಎಂಬುದು ಅವರು ಹುಟ್ಟಿದಾಗಿನಿಂದ ಕಂಡ ಜಗಳ. ಹಾಗಾಗಿ ಪಾಠ ಹುಡುಕಿ ನೋಡುವ ಮೊದಲ ಪಾಳಿ ಕೊನೆಯ ಬೆಂಚಿಗೆ. ಪಾಳಿ ಮುಗಿದ ಮೇಲೆ ಹಿಡಿದುಕೊಂಡು ಕೂತರೆ ಅದು ನೀರು ಕಳವು. ಯಾರದಾದರೂ ಮುಖ ಹಿಡಿಯುವ ಮೊದಲು ಅವರೆದುರು ನಿಂತು ಕೇಳಬೇಕು. ಕಳಿಸುವ ಮೊದಲು ಯಾರಿಗೆ ಎಂದು ಹೆಸರು ಹಿಡಿದು ಹೇಳಬೇಕು. ಹೆಸರು ಹೇಳಲು ಬಾರದಿದ್ದರೆ ಕಳಿಸುವಂತಿಲ್ಲ. ಫೋನಿನಲ್ಲಿ ಆಡುವ ಬಂದೂಕಿನ ಆಟದ ಬಗ್ಗೆ ಎರಡು ದಿನ ಜಗಳವಾಡಿದರು, ಇನ್ನೂ ಮುಗಿದಿಲ್ಲ. ಮೋನಮ್ಮನ ಪಾಠ ಹಿಡಿಯುವ ಕೆಲಸ ಅಯ್ಯಣ್ಣನಿಗೆ ಬಿತ್ತು. ಆ ಹುಡುಗನ ಕೈಚಳಕ ನೋಡಬೇಕು ನೀವು. ನಾನು ಕೆಮ್ಮಿದ್ದನ್ನು, ಸುಮ್ಮನೆ ಬೈದದ್ದನ್ನು ಕತ್ತರಿಸಿ ತೆಗೆಯುತ್ತಾನೆ. ನಲವತ್ತು ನಿಮಿಷದ ಪಾಠ ಇಪ್ಪತ್ತಾರಕ್ಕೆ ಇಳಿಯುತ್ತದೆ ಎಂದರೆ ನಾನು ಎಷ್ಟು ಬೈಯುತ್ತೇನೆ ಲೆಕ್ಕ ಹಾಕಿ!

ಗಣಿತದ ಪೇಪರಿನ ದಿನ ಪರೀಕ್ಷಾ ಕೇಂದ್ರದ ಗೇಟಿನಲ್ಲಿ ಒಬ್ಬ ಹುಡುಗಿ ನನ್ನ ಎದುರು ನಿಂತಳು. ಬಿಸಿಲಿಗೆ ಕಂದಿದ ಮುಖ, ಕೈಯಲ್ಲಿ ಎರಡು ಪೆನ್ನು. ಫೋನಿನ್ಯಾಗ ಎತ್ತರ ಕಾಣ್ತಿದ್ರಿ ಟೀಚರ್ ಎಂದಳು. ಪೇಪರ್ ಹೇಗಾಯಿತು ಎಂದೆ. ಶ್ರೇಢಿ ಬಂದಿತ್ರಿ, ಬಿಡಲಿಲ್ಲ ಎಂದಳು. ಅಕ್ಕ ತಮ್ಮ ಒಂದೇ ಬಾಟಲಿಯ ನೀರು ಕುಡಿದು ಹಟ್ಟಿಗೆ ಹೋದರು. ಫಲಿತಾಂಶ ಏನು ಬರುತ್ತದೋ ಗೊತ್ತಿಲ್ಲ. ಇಬ್ಬರೂ ಬರೆದರು, ಅದು ನಿಮ್ಮ ಪುಣ್ಯ. ನೀವು ಅಂದು ನನಗೆ ಭೇಷ್ ಎಂದಿದ್ದರೆ ಮರುದಿನವೇ ಟಿ.ಸಿ. ಕೊಟ್ಟುಬಿಡುತ್ತಿದ್ದೆ.

ಮೊಣಕಾಲಿಗೆ ಎಣ್ಣೆ ಹಚ್ಚುವುದು ಬಿಡಬೇಡಿ. ನಿಮ್ಮ ಈ ಸಿಟ್ಟಿನ ಹುಡುಗಿಯನ್ನು ಇಷ್ಟು ವರ್ಷ ಸಹಿಸಿಕೊಂಡದ್ದಕ್ಕೆ ನನ್ನ ಶರಣು.

ನಿಮ್ಮ
ದೇವಕಮ್ಮ

ತಾ.ಕ.: ಅಂದು ಹೊರಡುವಾಗ, ನಿನ್ನ ಮಗ ಖಂಡಪ್ಪ ಹ್ಯಾಂಗಿದ್ದಾನ ಎಂದು ಕೇಳಿದಿರಿ. ಕಡೇಚೂರಿನ ಫ್ಯಾಕ್ಟರಿಯಲ್ಲಿ ಕೆಲಸ, ವಾರಕ್ಕೊಮ್ಮೆ ಮಾತಾಡ್ತಾನ ಎಂದೆ. ಕೆಲಸ ನಿಜ, ಮಾತು ಸುಳ್ಳು. ನಾಲ್ಕು ವರ್ಷದ ಹಿಂದೆ ಅವನ ಫೋನನ್ನು ಒರಳಿನಲ್ಲಿ ಹಾಕಿ ಕುಟ್ಟಿದ್ದೆ. ಅಂದಿನಿಂದ ಅವನು ಅವರಪ್ಪನೊಡನೆ ಮಾತ್ರ ಮಾತಾಡುತ್ತಾನೆ. ಅದರಲ್ಲಿ ಏನಿತ್ತೆಂದು ನನಗೆ ಇಂದಿಗೂ ಗೊತ್ತಿಲ್ಲ. ಪರೀಕ್ಷೆ ಮುಗಿದ ಮರುದಿನ ಯಾದಗಿರಿಯ ಮೇಲೆ ಹಾದು ಅಲ್ಲಿಗೆ ಹೋಗಿದ್ದೆ. ಪಾಳಿ ಬಿಟ್ಟು ಹೊರಗೆ ಬಂದವನೆದುರು ಗೇಟಿನಲ್ಲೇ ನಿಂತು, ತಪ್ಪು ಮಾಡೀನಪ್ಪ ಎಂದೆ. ಅವನು ನೆಲ ನೋಡುತ್ತಲೇ, ಬಿಸಲಾಗ ಬಂದೀದಿ, ಉಂಡೀಯೇನವ್ವ ಎಂದ.