ಹೋದವಳು, ಬಂದವಳು

ಮಾರ್ಚ್ 3

ಟ್ಯಾಗ್‌ಲೈನ್ ಮತ್ತೆ ವಾಪಸ್. ಕಾರಣ— ಅರ್ಥವಾಗುತ್ತದೆ.

"ಮೇಡಂ, ಓದಿದ ಕೂಡಲೇ ತಿಳಿದುಬಿಟ್ರೆ ಜನ ಟಿಕೆಟ್ ಯಾಕೆ ತಗೋತಾರೆ?" ಮ್ಯಾನೇಜರ್ ಕೇಳಿದರು.

ನಮ್ಮ ಆಫೀಸಿನ ಪದ್ಧತಿಯೇ ಇದು. ಹೊರಗಿನ ಸೈನ್ಸ್ ಫಿಕ್ಷನ್ ಸಿನಿಮಾಗಳ ಡಬ್ಬಿಂಗ್ ಇಲ್ಲಿ. ಡಬ್ಬಿಂಗ್ ಮುಗಿಯುವ ಮೊದಲೇ ಪೋಸ್ಟರ್ ಗೋಡೆಗೆ ಹತ್ತಬೇಕು. ಸಿನಿಮಾ ನನಗೆ ತೋರಿಸುವುದಿಲ್ಲ. ಚಿತ್ರ ಕೊಡುತ್ತಾರೆ, ಕೆಳಗೆ ಒಂದು ಸಾಲು ಬರೆಯಬೇಕು. ಅದನ್ನು ರಿಸೆಪ್ಷನ್ ಹುಡುಗಿಗೆ ಓದಿ ಹೇಳುತ್ತಾರೆ. ಅವಳು "ಹಾಗಂದ್ರೆ?" ಎಂದರೆ ಪಾಸ್. "ಓ, ಹೌದಾ" ಎಂದರೆ ಫೇಲ್.

ಇವತ್ತು "ಓ, ಹೌದಾ".

ಚಿತ್ರದಲ್ಲಿ ಹೆಲ್ಮೆಟ್ ತೊಟ್ಟ ಹೆಂಗಸು, ತೆರೆದ ಬಾಗಿಲು. ಒಳಗೆ ಬರುತ್ತಿದ್ದಾಳೋ, ಹೊರಗೆ ಹೊರಟಿದ್ದಾಳೋ... ಎಂ.ಎ.ಯಲ್ಲಿ ಕಾವ್ಯ ಓದಿದ್ದು ಇದಕ್ಕೇ ಇರಬೇಕು.

ಮಾರ್ಚ್ 4, ಸಂಜೆ

ಪಾಸ್.

"ಹೋದವಳು ಬರಲಿಲ್ಲ. ಬಂದವಳು ಹೋಗಿರಲಿಲ್ಲ."

ಹುಡುಗಿ ಎರಡು ಸಲ "ಹಾಗಂದ್ರೆ?" ಎಂದಳಂತೆ. ಮ್ಯಾನೇಜರ್ ಕೈ ಕುಲುಕಿದರು.

ಪೋಸ್ಟರಿನ ಪ್ರೂಫ್ ಪ್ರತಿಯನ್ನು ಮನೆಗೆ ತಂದು ನನ್ನ ಕೋಣೆಯ ಬೀರುವಿಗೆ ಅಂಟಿಸಿದೆ, ಹಳೆಯವುಗಳ ಪಕ್ಕ. ಅಕ್ಕ ಒರೆಸುವ ಬಟ್ಟೆ ಹಿಡಿದುಕೊಂಡೇ ಬಾಗಿಲಲ್ಲಿ ನಿಂತು ಓದಿದಳು. ರಿಟೈರ್ ಆದರೂ ಗಣಿತದ ಟೀಚರ್.

"ಹೋದವಳು ಬರ್ಲಿಲ್ಲ, ಸರಿ. ಹಾಗಾದ್ರೆ ಬಂದವಳು ಯಾರೇ?"

"ಗೊತ್ತಿಲ್ಲ."

"ಬರೆದವಳು ನೀನು."

"ಗೊತ್ತಿಲ್ಲದ ಹಾಗೆ ಬರೆಯೋದಕ್ಕೇ ಸಂಬಳ ಕೊಡೋದು, ಅಕ್ಕ."

"ನನ್ನ ಕ್ಲಾಸಲ್ಲಿ ಹೀಗೆ ಬರೆದಿದ್ರೆ ಸೊನ್ನೆ ಸುತ್ತಿ, ನಾಳೆ ಅಪ್ಪನ್ನ ಕರ್ಕೊಂಡು ಬಾ ಅಂತಿದ್ದೆ."

"ನಿನಗೂ ಅವರೇ ಅಪ್ಪ."

ನಗುತ್ತಲೇ ಅಡುಗೆಮನೆಗೆ ಹೋದಳು.

ಮಾರ್ಚ್ 22

ಬರೆಯುವ ಸ್ಥಿತಿಯಲ್ಲಿರಲಿಲ್ಲ.

ಅಕ್ಕನಿಗೆ ಸ್ಟ್ರೋಕ್. ಬಟ್ಟೆ ಒಣಹಾಕುತ್ತಿದ್ದವಳು ಕೈಯಲ್ಲಿ ಕ್ಲಿಪ್ ಹಿಡಿದ ಹಾಗೇ ಕುಸಿದಳು. ನಿನ್ನೆ ನಾನು, ತಮ್ಮ ಸೇರಿ ಆಸ್ಪತ್ರೆಯಿಂದ ಕರೆತಂದೆವು. ಬಲಗೈ ಅಷ್ಟಿಷ್ಟು ಆಡುತ್ತದೆ. ಮಾತಿಲ್ಲ. ಬಚ್ಚಲು ಹತ್ತಿರವೆಂದು ಅವಳ ಮಂಚ ಈಗ ನನ್ನ ಕೋಣೆಯಲ್ಲಿ, ಬೀರುವಿನ ಎದುರು.

ಎಲ್ಲದಕ್ಕೂ ಹೂಂ ಎಂದು ತಲೆಯಾಡಿಸುತ್ತಾಳೆ. ಊಟ ಬೇಕಾ— ಹೂಂ. ಬೇಡವಾ— ಹೂಂ. ತಮ್ಮ ಪರೀಕ್ಷೆ ಮಾಡಿದ: "ದೊಡ್ಡಕ್ಕಾ, ನೀನು ಗಂಡಸಾ?" ಹೂಂ. ನಕ್ಕೆವು. ಅವಳೂ ನಕ್ಕಳು. ಆಮೇಲೆ ಅವನು ಬಾಲ್ಕನಿಗೆ ಹೋಗಿ ಬಹಳ ಹೊತ್ತು ನಿಂತಿದ್ದ.

ಮಾರ್ಚ್ 28

ಅಕ್ಕ ಮಾತಾಡಿದಳು.

ಮುಖ ಒರೆಸುತ್ತಿದ್ದೆ. ಸ್ಪಷ್ಟವಾಗಿ, ಕ್ಲಾಸಿನ ದನಿಯಲ್ಲಿ— "ಆಕಾಶ ನಿನ್ನನ್ನು ಎಣಿಸುತ್ತಿದೆ."

ಬಟ್ಟಲು ಕೈಜಾರಿತು. ಆಮೇಲೆ ಹೊಳೆಯಿತು. ಬೀರುವಿನ ಮೇಲಿನ ಹಳೆಯ ಪೋಸ್ಟರಿನ ಸಾಲು. ಹೋದ ವರ್ಷ ನಾನೇ ಬರೆದದ್ದು.

ಮಧ್ಯಾಹ್ನ ಸ್ಪೀಚ್ ಥೆರಪಿಸ್ಟ್ ಬಂದಿದ್ದರು. ಸ್ವಂತ ಮಾತು ಕಟ್ಟುವ ದಾರಿ ಮುಚ್ಚಿಹೋಗಿದೆ, ಕಣ್ಣಿಗೆ ಕಂಡದ್ದನ್ನು ಓದುವ ದಾರಿ ಉಳಿದಿದೆ, ಹಾಗಾಗುವುದುಂಟು ಎಂದರು. "ಪೋಸ್ಟರ್ ತೆಗೀಬೇಡಿ. ಏನೋ ಒಂದು, ಓದ್ತಿರಲಿ."

ಏಪ್ರಿಲ್ 5

ಮನೆಯಲ್ಲಿ ಈಗ ಇದೇ ಭಾಷೆ.

ಹಾಸಿಗೆ ಒದ್ದೆಯಾದರೆ ಇನ್ನೊಂದು ಪೋಸ್ಟರಿನ "ನಾಳೆ ಮುಗಿದು ಬಹಳ ದಿನವಾಯಿತು." ಬಾಯಾರಿದರೆ "ಆಕಾಶ ನಿನ್ನನ್ನು ಎಣಿಸುತ್ತಿದೆ." ಹಾಗಂತ ನಂಬಿ ನೀರು ಹಿಡಿದರೆ ಲೋಟ ತಳ್ಳುತ್ತಾಳೆ. ಫ್ಯಾನ್ ಹಾಕಿದರೆ ಮುಖ ತಿರುಗಿಸುತ್ತಾಳೆ. ಕಿಟಕಿ ತೆರೆದೆ, ಮುಚ್ಚಿದೆ, ದಿಂಬು ಎತ್ತರಿಸಿದೆ. ಕೊನೆಗೆ ನೋಡಿದರೆ ಬೆನ್ನಿನಡಿ ಅವಳದೇ ಕನ್ನಡಕ.

ದನಿಯಲ್ಲಿ ಸಿಟ್ಟು ಇದೆ, ಗೋಗರೆಯುವುದು ಇದೆ. ಒಮ್ಮೊಮ್ಮೆ ಹಳೆಯ ತಮಾಷೆಯೂ. ಒಳಗಿರುವುದು ಅವಳೇ. ಪದಗಳು ಮಾತ್ರ ನನ್ನವು, ಅದೂ ಏನನ್ನೂ ಹೇಳದಿರಲೆಂದು ಆರಿಸಿ ಇಟ್ಟವು.

ಪದ್ಯ ಓದುವಾಗ ಅರ್ಥ ಕೈಗೆ ಸಿಕ್ಕಂತಾಗಿ ಜಾರಿದರೆ ಸುಖ. ಲೋಟ ಹಿಡಿದು ನಿಂತವಳಿಗೆ ಆ ಸುಖ ಬೇಕಿಲ್ಲ.

ಏಪ್ರಿಲ್ 9

ಡಾಕ್ಟರ ಬಳಿ ಹೋಗಿದ್ದೆವು. ಕುತ್ತಿಗೆಯ ರಕ್ತನಾಳ ಕಟ್ಟಿಕೊಂಡಿದೆಯಂತೆ. ಹಾಗೇ ಬಿಟ್ಟರೆ ಇನ್ನೊಂದು ಸ್ಟ್ರೋಕ್ ಆಗಬಹುದು. ಆಪರೇಷನ್ ಮಾಡುವಾಗಲೂ ಆಗಬಹುದು. ಮಾಡಿಸುವುದೇ ಮೇಲು ಎಂದರು, ಆದರೆ...

"ಅವರಿಗೆ ಪ್ರಜ್ಞೆ ಇದೆಯಲ್ಲ. ಮೊದಲು ಅವರನ್ನೇ ಕೇಳಿ. ಶುಕ್ರವಾರ ತಿಳಿಸಿ."

ಸಂಜೆ ಮಂಚದ ಪಕ್ಕ ಕೂತು ನಿಧಾನವಾಗಿ ಹೇಳಿದೆ. ಏನು ಮಾಡುತ್ತಾರೆ, ಏನಾಗಬಹುದು, ಎಲ್ಲ. ಕಣ್ಣು ಕದಲಿಸದೆ ಕೇಳಿದಳು. "ಮಾಡಿಸೋಣವಾ, ಅಕ್ಕ?"

ತಲೆಯಾಡಿಸಲಿಲ್ಲ. ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದಳು. ಬೀರುವಿನ ಕಡೆ ನೋಡಿ, ಮತ್ತೆ ನನ್ನ ಕಡೆ ನೋಡಿ, ಒಂದೊಂದೇ ಪದ—

"ಹೋದವಳು ಬರಲಿಲ್ಲ. ಬಂದವಳು ಹೋಗಿರಲಿಲ್ಲ."

ಹೋದರೆ ಬರುವುದಿಲ್ಲ, ಬೇಡ ಎಂದೇ? ಆಸ್ಪತ್ರೆಯಿಂದ ಬಂದ ಈ ನಾನು ನಾನಲ್ಲ, ಏನಾದರೂ ಮಾಡು ಎಂದೇ? ಅಥವಾ ಅವಳ ಕಣ್ಣಿಗೆ ನೇರವಾಗಿರುವುದು ಆ ಪೋಸ್ಟರ್, ಅಷ್ಟೆಯೇ?

ಮಣಿಕಟ್ಟು ಬಿಡಲೇ ಇಲ್ಲ.

ಏಪ್ರಿಲ್ 10

ದೊಡ್ಡ ಅಕ್ಷರದಲ್ಲಿ ಎರಡು ಹಾಳೆ ಬರೆದೆ. "ನನಗೆ ಆಪರೇಷನ್ ಬೇಕು." "ನನಗೆ ಆಪರೇಷನ್ ಬೇಡ." ಬೇಕಾದ್ದನ್ನು ಓದು ಎಂದೆ. ಎರಡನ್ನೂ ಓದಿದಳು. ಎರಡನ್ನೂ ಮನಸ್ಸಿಟ್ಟು. ಆಮೇಲೆ ಹಾಳೆಗಳನ್ನು ನೀಟಾಗಿ ಜೋಡಿಸಿ, ಉತ್ತರಪತ್ರಿಕೆ ಕೊಡುವ ಹಾಗೆ ನನ್ನ ಕೈಗೇ ಕೊಟ್ಟಳು.

ತಮ್ಮನ ಫೋನ್. "ಚಿಕ್ಕಕ್ಕ, ಆ ಸಾಲು ಬರೆದವಳು ನೀನೇ ತಾನೇ? ಅದರ ಅರ್ಥ ಏನು ಅಂತ ನಿನಗಾದ್ರೂ ಗೊತ್ತಿರಬೇಕಲ್ಲ."

ಆಮೇಲೆ ಮಾಡ್ತೀನಿ ಎಂದು ಇಟ್ಟೆ.

ಕೊನೆಗೆ ನಾಚಿಕೆ ಬಿಟ್ಟು ಮ್ಯಾನೇಜರಿಗೆ ಫೋನ್ ಮಾಡಿದೆ. ಡಬ್ಬಿಂಗ್ ಮುಗಿದಿತ್ತು, ಅವರು ಸಿನಿಮಾ ನೋಡಿದ್ದರು. ಸಿನಿಮಾದಲ್ಲಿ ಬಾಗಿಲ ಹತ್ತಿರ ಇರುವವಳು ಯಾರು, ವಾಪಸ್ ಬಂದದ್ದು ಅವಳೇನಾ ಎಂದು ಕೇಳಿದೆ.

"ಅದೇ ಮೇಡಂ ಮಜಾ. ಹೇಳೋದೇ ಇಲ್ಲ. ಎರಡನೇ ಭಾಗಕ್ಕೆ ಇಟ್ಕೊಂಡಿದಾರೆ." ಮತ್ತೆ ಅವರೇ, "ಅದಕ್ಕೂ ಸಾಲು ನೀವೇ ಬರೀಬೇಕು. ಹುಷಾರಾಗಿದೀರಾ?"

ಹೂಂ ಎಂದೆ. ಅಕ್ಕನ ಹಾಗೆಯೇ.

ಏಪ್ರಿಲ್ 11

ಡಾಕ್ಟರಿಗೆ ಸರಿ ಎಂದೆ. ತಮ್ಮನೂ ಸರಿ ಎಂದ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಅಕ್ಕನಿಗೆ ಹೇಳಿದೆ. ತಲೆಯಾಡಿಸಿದಳು. ಅವಳು ಎಲ್ಲದಕ್ಕೂ ತಲೆಯಾಡಿಸುತ್ತಾಳೆ.

ಏಪ್ರಿಲ್ 14, ಆಸ್ಪತ್ರೆ

ಬೆಳಿಗ್ಗೆ ಒಳಗೆ ಕರೆದೊಯ್ದರು. ಸ್ಟ್ರೆಚರ್ ಮೇಲೆ ಅಕ್ಕ ಸುತ್ತಲೂ ಕಣ್ಣಾಡಿಸುತ್ತಿದ್ದಳು. ಓದಲು ಏನಾದರೂ ಹುಡುಕುತ್ತಿದ್ದಳೇನೋ. ಲಿಫ್ಟ್ ಬಾಗಿಲಲ್ಲಿ ಒಂದು ಫಲಕ ಸಿಕ್ಕಿತು. "ಏಳು ಜನರಿಗೆ ಮಾತ್ರ," ನನ್ನನ್ನು ನೋಡಿ ಹೇಳಿದಳು. ಬಾಗಿಲು ಮುಚ್ಚಿತು. ಅದೇ ಅವಳ ಹೋಗಿಬರುತ್ತೇನೆ.

ತಮ್ಮ ಕಾಫಿ ತಂದು ಇಟ್ಟ. ಆರಿತು.

ಮಧ್ಯಾಹ್ನ

ಮುಗಿಯಿತಂತೆ. ಗಾಜಿನ ಮೂಲಕ ದೂರದಿಂದಲೇ ನೋಡಿದೆ, ನಿದ್ದೆಯಲ್ಲಿದ್ದಳು. ಬಿಳಿ ಗೋಡೆ, ಬಿಳಿ ಪರದೆ. ಎಚ್ಚರವಾಗಲಿ, ಆಮೇಲೆ ಗೊತ್ತಾಗುತ್ತದೆ ಎಂದರು ಡಾಕ್ಟರ್.

ನರ್ಸ್ ಬಂದರು. "ಬೆಳಿಗ್ಗೆ ಆಪರೇಷನ್ ಆದವರ ಜೊತೆಯವರು ಯಾರು? ಎಚ್ಚರ ಆಗಿದೆ. ಏನೋ ಹೇಳ್ತಿದಾರೆ, ನಮಗ್ಯಾರಿಗೂ ತಿಳೀತಿಲ್ಲ. ಬನ್ನಿ."

ಆ ಕೋಣೆಯಲ್ಲಿ ಓದಲು ಏನೂ ಇಲ್ಲ. ನಾನು ನೋಡಿದ್ದೇನೆ. ಒಂದಕ್ಷರವೂ ಇಲ್ಲ. ಹಾಗಾದರೆ ಅವಳು ಹೇಳುತ್ತಿರುವುದು—