ಬಿಲ್ಲೆಯ ಮೇಲಿನ ವಿಳಾಸ

ಮಾರ್ಚ್ 3, ಸೋಮವಾರ, ಬೆಳಿಗ್ಗೆ 10.20

ಸರ್ವರ್ ರೂಮಿನ ಎ.ಸಿ. ಮತ್ತೆ ಸೋರುತ್ತಿದೆ. ಬಕೆಟ್ ಇಟ್ಟೆ. ಲಿಸ್ಟ್ ಅರ್ಧಕ್ಕೆ ಬಂತು — ಯೂನಿವರ್ಸಿಟಿಯ ಹಳೇ ವೆಬ್ ವಿಳಾಸಗಳು, ಒಟ್ಟು 3,812. ಯಾರಾದರೂ ಹಳೆಯದನ್ನು ಟೈಪ್ ಮಾಡಿದರೆ ಸರಿಯಾದ ಪುಟಕ್ಕೆ ದಾಟಿಸುವ ಕೆಲಸ ಈ ಮುದಿ ಮಷೀನಿನದು. ಹದಿನಾಲ್ಕು ವರ್ಷ ಇದನ್ನು ಸಾಕಿದವಳು ನಾನು. 28ಕ್ಕೆ ಆಫ್. ಎಲ್ಲ ಕ್ಲೌಡಿಗೆ.

ಎಲ್ಲ ಅಂದರೆ ಎಲ್ಲವೂ ಅಲ್ಲ. ಎರಡು ವರ್ಷದಲ್ಲಿ ಒಬ್ಬರೂ ಬಳಸದ ವಿಳಾಸ ಕಿತ್ತುಹಾಕಿ ಅಂತ ಹೊಸ ಡೈರೆಕ್ಟರ್ ಮೇಡಂ ರೂಲ್. "ಕಸ ಹೊತ್ಕೊಂಡು ಯಾರಾದ್ರೂ ಹೊಸ ಮನೆಗೆ ಹೋಗ್ತಾರೇನ್ರೀ?" ಸರಿ ಅನ್ನಿಸಿತು. ಕೆಂಪು ಗೆರೆ ಎಳೆಯುವುದರಲ್ಲಿ ಒಂದು ಸುಖವೂ ಇದೆ, ಸುಳ್ಳು ಯಾಕೆ ಹೇಳಲಿ.

ಮಾರ್ಚ್ 5, ಬುಧವಾರ

ಮನೆಯೊಳಗೆ ಕಾಲಿಡುವ ಮೊದಲೇ ಅಪ್ಪನ ಪ್ರಶ್ನೆ. "ಏನಾದ್ರೂ ಬಂತಾ?"

"ಇಲ್ಲಪ್ಪ."

"ಬರುತ್ತೆ ಬಿಡು. ಇನ್ನೂ ಐನೂರ ನಲವತ್ಮೂರು ಹೊರಗಿವೆ."

ನಾಲ್ಕು ವರ್ಷದಿಂದ ದಿನಾ ಇದೇ. ಅಪ್ಪ ಯೂನಿವರ್ಸಿಟಿ ವರ್ಕ್‌ಶಾಪಿನಲ್ಲಿ ಬಡಗಿಯಾಗಿದ್ದ. ರಿಟೈರ್ ಆಗುವ ಹಿಂದಿನ ವರ್ಷ ಸಮುದ್ರ ವಿಭಾಗದವರು ಆರುನೂರು ಮರದ ಬಿಲ್ಲೆ ಮಾಡಿಸಿದರು, ಅಂಗೈಯಗಲದವು. ದೋಣಿಯಿಂದ ಕಡಲಿಗೆ ಎಸೆಯುವುದು. ದಡದಲ್ಲಿ ಸಿಕ್ಕವರು ಬಿಲ್ಲೆ ಮೇಲಿನ ವಿಳಾಸಕ್ಕೆ ಹೋಗಿ, ಎಲ್ಲಿ ಸಿಕ್ಕಿತು ಅಂತ ಬರೆಯುವುದು. ನೀರು ಯಾವ ಕಡೆ ಹರಿಯುತ್ತದೆ ಅಂತ ಇವರಿಗೆ ತಿಳಿಯುತ್ತದೆ. ಪೇಂಟಲ್ಲಿ ಬರೆದರೆ ಸಾಕು ಅಂದರಂತೆ. ಅಪ್ಪ ಕೇಳಬೇಕಲ್ಲ! "ಪೇಂಟ್ ಎಷ್ಟು ದಿನ ಬಾಳುತ್ತೆ?" — ಕಬ್ಬಿಣ ಕಾಯಿಸಿ ಆರುನೂರಕ್ಕೂ ನಂಬರು, ವಿಳಾಸ ಸುಟ್ಟು ಬರೆದ.

ಐವತ್ತೇಳು ಸಿಕ್ಕವು. ಆಮೇಲೆ ವಿಭಾಗವೇ ಮುಚ್ಚಿತು, ಅದರ ಪುಟ ನನ್ನ ಸುಪರ್ದಿಗೆ ಬಂತು. ಇನ್ನು ಸುದ್ದಿ ಬಂದರೆ ನನ್ನ ಮೇಲ್‌ಗೇ ಬರಬೇಕು. ಅಪ್ಪನ ಕೈ ಈಗ ನಡುಗುತ್ತದೆ, ಉಳಿ ಹಿಡಿಯಲಾಗುವುದಿಲ್ಲ. ಅವನ ಕೆಲಸದಲ್ಲಿ ಇನ್ನೂ ನಡೆಯುತ್ತಿರುವುದು ಇದೊಂದೇ.

ಮಾರ್ಚ್ 11, ಮಂಗಳವಾರ

ನನ್ನ ಬುದ್ಧಿಗಿಷ್ಟು! ಮೇಡಂ ಸಹಿ ಹಾಕಿದ ಲಿಸ್ಟ್ ಮೇಲೆ ಸುಮ್ಮನೆ ಕಣ್ಣಾಡಿಸುತ್ತಿದ್ದೆ. ಸಾಲು 2,906. ಬಿಲ್ಲೆಯ ವಿಳಾಸ. ಕೆಂಪು ಗೆರೆ. ಎಳೆದವಳು ನಾನೇ. ಬಳಸಿದವರು ಸೊನ್ನೆ ಅಂತ ನೋಡಿದೆ, ಹೆಸರು ಓದಲೇ ಇಲ್ಲ.

28ರ ನಂತರ ಯಾರಿಗಾದರೂ ಬಿಲ್ಲೆ ಸಿಕ್ಕರೂ ಸುದ್ದಿ ಬರುವ ದಾರಿಯೇ ಇಲ್ಲ. ಸಂಜೆ ಅಪ್ಪ ಕೇಳಿದಾಗ ಮುಖ ತಿರುಗಿಸಿಕೊಂಡು ಇಲ್ಲ ಅಂದೆ. ನಾಚಿಕೆಯಿಂದ ಊಟ ಸೇರಲಿಲ್ಲ.

ಮಾರ್ಚ್ 12

ಮೇಡಂ ಹತ್ತಿರ ಹೋದೆ.

"ಒಂದಕ್ಕೆ ಬಿಟ್ರೆ ಎಲ್ಲದಕ್ಕೂ ಬಿಡಬೇಕಾಗುತ್ತೆ. ಅಪ್ಪ ಮಾಡಿದ್ದು ಅಂತ ಇಟ್ಕೊಳ್ಳೋಕಾಗಲ್ಲ."

ರೇಗಿತು. "ಬೇರೆ ಕಡೆ ಇದ್ರೆ ತಿದ್ದಬಹುದು ಮೇಡಂ. ಇದು ಸಮುದ್ರದಲ್ಲಿ ತೇಲ್ತಿದೆ. ಹೊಸ ಅಡ್ರೆಸ್ ಬರೆದು ಬರೋಕೆ ಯಾರನ್ನ ಕಳಿಸ್ತೀರಿ?"

ಅಂದಮೇಲೆ ನಾಲಿಗೆ ಕಚ್ಚಿಕೊಂಡೆ. ಮೇಡಂ ಪೆನ್ನು ಕೆಳಗಿಟ್ಟರು. "ಆ ಬಿಲ್ಲೆ ಒಂದು ಇದ್ರೆ ತೋರಿಸಿ."

ಮಾರ್ಚ್ 14, ಶುಕ್ರವಾರ

ಅಪ್ಪನಿಗೆ ಎಲ್ಲ ಹೇಳಿಬಿಟ್ಟೆ. ಬೈಯುತ್ತಾನೆ ಅಂದುಕೊಂಡಿದ್ದೆ. "ನಾನೂ ಒಂದ್ಸಲ ಅಳತೆ ನೋಡ್ದೆ ವೈಸ್ ಚಾನ್ಸಲರ್ ರೂಮಿನ ಬಾಗಿಲನ್ನೇ ಗಿಡ್ಡ ಕೊಯ್ದಿದ್ದೆ ಕಣೆ. ನಡಿ." ಇಸ್ತ್ರಿ ಶರ್ಟ್ ಹಾಕಿಕೊಂಡು ಹೊರಟೇಬಿಟ್ಟ. ಜೇಬಿನಲ್ಲಿ ಒಂದು ಬಿಲ್ಲೆ — ಅಂಚು ಸೀಳಿತ್ತು ಅಂತ ಆರುನೂರರ ಲೆಕ್ಕಕ್ಕೆ ಸೇರದೆ ಉಳಿದದ್ದು.

ಮೇಡಂ ಅಕ್ಷರಗಳ ಮೇಲೆ ಬೆರಳಾಡಿಸಿದರು. "ಇದು ಅಳಿಸಲ್ವಾ?"

"ಮರ ಇರೋತನಕ ಇರುತ್ತೆ. ನಿಮ್ಮ ಕ್ಲೌಡು ಎಷ್ಟು ದಿನ ಇರುತ್ತಮ್ಮಾ?"

ಮೇಡಂ ಜೋರಾಗಿ ನಕ್ಕರು. ನಗು ನಿಲ್ಲಿಸಿ ಕೇಳಿದರು, "ಹೀಗೆ ವೆಬ್ ವಿಳಾಸ ಇನ್ನೂ ಯಾವುದರ ಮೇಲೆಲ್ಲ ಕೆತ್ತಿದ್ದೀರಿ?" ಅಪ್ಪ ಬೆರಳು ಮಡಚತೊಡಗಿದ. ತೋಟದ ಮರಗಳ ಫಲಕ, ಲೈಬ್ರರಿ ಬಾಗಿಲ ಹಿತ್ತಾಳೆ ತಗಡು, ಟೆಲಿಸ್ಕೋಪಿನ ಕಾಲು...

ರೂಲ್ ಬದಲಾಯಿತು. ಅಳಿಸಿ ಬರೆಯಲಾಗದ ಕಡೆ ಇರುವ ವಿಳಾಸ — ಸೊನ್ನೆಯಾದರೂ ಇರಲಿ.

ಮಾರ್ಚ್ 20

ಅಪ್ಪ, ನಾನು ಕ್ಯಾಂಪಸ್ಸೆಲ್ಲ ಸುತ್ತಿದೆವು. ಅಂಥ ವಿಳಾಸ ನಲವತ್ತೊಂದು ಸಿಕ್ಕವು. ಪ್ರತಿ ತಗಡಿಗೂ ಅವನದೊಂದು ಕಾಮೆಂಟ್. "ಈ ಸ್ಕ್ರೂ ಹಾಕಿದೋನು ಅರ್ಧ ನಿದ್ದೇಲಿದ್ದ." ಕಾಲು ನೋಯುತ್ತಿದೆ. ಇಷ್ಟು ನಕ್ಕು ಎಷ್ಟು ದಿನವಾಗಿತ್ತೋ.

ಮಾರ್ಚ್ 28, ಶುಕ್ರವಾರ, ಮಧ್ಯಾಹ್ನ 12.40

11ಕ್ಕೆ ಮಷೀನ್ ಆಫ್. ರೂಮು ನಿಶ್ಶಬ್ದ. ಬಕೆಟ್ ಎತ್ತಿಟ್ಟೆ. ಟೆಸ್ಟ್ ಎಲ್ಲ ಹಸಿರು. ಮೇಡಂ ಕೈಕುಲುಕಿದರು.

11.30ಕ್ಕೆ ಅಪ್ಪನ ಫೋನ್. ಬಿಲ್ಲೆ ಮುಂದಿಟ್ಟುಕೊಂಡು ಒಂದೊಂದೇ ಅಕ್ಷರ ಒತ್ತಿದ್ದಾನೆ. "ಏನೂ ಬರ್ತಿಲ್ಲ ಕಣೆ. ಬಿಳೀ ಪುಟ."

ಬಿಲ್ಲೆಯ ವಿಳಾಸ ಯೂನಿವರ್ಸಿಟಿಯ ಹೆಸರಿನಲ್ಲಿಲ್ಲ, ಹಳೇ ವಿಭಾಗದ ಸ್ವಂತ ವೆಬ್ ಹೆಸರಿನಲ್ಲಿದೆ. ಸಾಲನ್ನು ಕ್ಲೌಡಿಗೆ ಹಾಕಿದ್ದೆ, ಆ ಹೆಸರನ್ನು ಮಾತ್ರ ಹೊಸ ಜಾಗದ ಕಡೆ ತಿರುಗಿಸಿರಲಿಲ್ಲ. ಅದು ಇನ್ನೂ ಆಫ್ ಆದ ಮಷೀನಿನ ಬಾಗಿಲನ್ನೇ ತಟ್ಟುತ್ತಿತ್ತು. ನನ್ನ ಟೆಸ್ಟು ಆ ಹೆಸರಿನ ತಂಟೆಗೇ ಹೋಗಿರಲಿಲ್ಲ. ಮೇಡಂ ಪಕ್ಕದಲ್ಲೇ ಕೂತರು. ಮುಕ್ಕಾಲು ಗಂಟೆ ಹಿಡಿಯಿತು.

"ಈಗ ನೋಡಪ್ಪ."

ಮತ್ತೆ ಒಂದೊಂದೇ ಅಕ್ಷರ ಒತ್ತಿದ. ಆಮೇಲೆ — "ಬಂತು, ಬಂತು! ಎಲ್ಲಿ ಸಿಕ್ಕಿತು ಅಂತ ಕೇಳ್ತಿದೆ. ನಮ್ಮನೇಲೇ ಅಂತ ಬರೀಲಾ?"

ಏಪ್ರಿಲ್ 21, ಸೋಮವಾರ, ಸಂಜೆ 5.50

4.10ಕ್ಕೆ ಮೇಲ್. ಎರಡು ಸಲ ಓದಿ, ನಂಬದೆ ಮೇಡಂ ಕೈಲೂ ಓದಿಸಿದೆ.

ಬಿಲ್ಲೆ ನಂಬರ್ 418. "ಮೂರು ವರ್ಷದ ಹಿಂದೆ ದಡದಲ್ಲಿ ಸಿಕ್ಕಿತ್ತು. ನೀರಿನ ಜಗ್ಗಿಗೆ ಮುಚ್ಚಳ ಮಾಡಿಕೊಂಡಿದ್ದೆವು. ಕೆಳಗೆ ಕಪ್ಪು ಜಿಡ್ಡು ಕಟ್ಟಿತ್ತು, ನಿನ್ನೆ ಉಜ್ಜಿದಾಗ ಅಕ್ಷರ ಕಂಡಿತು. ತಡವಾಗಿದ್ದಕ್ಕೆ ಕ್ಷಮಿಸಿ. ಮುಚ್ಚಳ ವಾಪಸ್ ಕಳಿಸಬೇಕೆ?" ಸ್ಥಿತಿ ಹೇಗಿದೆ ಅನ್ನುವ ಕಾಲಮ್ಮಿನಲ್ಲಿ: "ಅಂಚು ಸವೆದಿದೆ. ಬರಹ ಚೂರೂ ಅಳಿಸಿಲ್ಲ."

ಪ್ರಿಂಟ್ ತೆಗೆದೆ. ಫೋನ್ ಮಾಡಲಿಲ್ಲ. ಮೇಡಂ ಬೇಗ ಹೋಗಿ ಅಂದರು, ಓಡಿ ಬಂದೆ. ಅಪ್ಪ ವಾಕಿಂಗ್ ಹೋಗಿದ್ದಾನೆ. ಪ್ರಿಂಟನ್ನು ಡೈರಿ ಕೆಳಗಿಟ್ಟುಕೊಂಡು ಬರೆಯುತ್ತಿದ್ದೇನೆ. ನಾನಾಗಿ ಬಾಯಿ ಬಿಡಬಾರದು. ಅವನೇ ಕೇಳಲಿ.

ಗೇಟ್ ಸದ್ದು. ಚಪ್ಪಲಿ ಬಿಡುತ್ತಿದ್ದಾನೆ. ಕೆಮ್ಮಿದ.

"ಇವತ್ತು ಬೇಗ ಬಂದ್ಯಾ ಮಗಳೇ? ಏನಾದ್ರೂ —"